ಹೊಗೆಸೊಪ್ಪಿನ ಡಬ್ಬಿ

ದೀಪಾವಳಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಸಂಪಾದಕರು ಬಿಸಿಬೇಳೆ ಭಾತಿನ ತಟ್ಟೆ ಹಿಡಿದುಕೊಂಡೇ ಬಂದು, "ನೀವಿಬ್ಬರೂ ಸೇರಿ ಏನಾದರೂ ಬರೆದುಕೊಡಿ, ಈ ಸಲ ಪುಟ ತುಂಬುತ್ತಿಲ್ಲ" ಎಂದರು. ಏನು ಬರೆಯುವುದು ಎಂದು ಕೇಳಿದ್ದಕ್ಕೆ "ಊರಿನ ನೆನಪು ಬರೆಯಿರಿ" ಎಂದುಬಿಟ್ಟರು. ಊರಿನ ನೆನಪೆಂದರೆ ಎಲ್ಲರೂ ಮಲ್ಲಿಗೆ ಹೂವು, ಮೊದಲ ಮಳೆಗೆ ನೆನೆದ ಮಣ್ಣು, ಅಜ್ಜಿ ಕಾಯಿಸಿದ ತುಪ್ಪ ಎಂದು ಬರೆಯುತ್ತಾರೆ. ನಮ್ಮ ಮನೆಯಲ್ಲಿ ಊರನ್ನು ನೆನಪಿಗೆ ತರುವುದು ಪೈಪಿಗೆ ಹಾಕುವ ತಂಬಾಕಿನ ವಾಸನೆ. ಇದನ್ನು ಬರೆಯುವುದೋ ಬೇಡವೋ ಎಂದು ನಮ್ಮೊಳಗೇ ಎರಡು ವಾರ ಚರ್ಚೆಯಾಯಿತು. ಕೊನೆಗೆ ಬರೆಯುತ್ತಿದ್ದೇವೆ. ಸಂಪಾದಕರಲ್ಲಿ ಒಂದೇ ಕೋರಿಕೆ: ದಯವಿಟ್ಟು ಇದನ್ನು ಮಕ್ಕಳ ಪುಟದ ಬೆನ್ನಿಗೆ ಜೆರಾಕ್ಸ್ ಮಾಡಿಸಬೇಡಿ.

ನಮ್ಮನ್ನು ಬಲ್ಲವರಿಗೆ ಗೊತ್ತು, ನಮ್ಮಲ್ಲಿ ಒಬ್ಬರ ತವರು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಎಷ್ಟೋ ಮನೆಗಳ ಅನ್ನ ಹೊಗೆಸೊಪ್ಪಿನದು. ಇನ್ನೊಬ್ಬರು ದಾವಣಗೆರೆಯವರು. ಇಲ್ಲಿನ ಆಸ್ಪತ್ರೆಯೊಂದರ ಎದೆರೋಗದ ವಿಭಾಗದಲ್ಲಿ ಇಪ್ಪತ್ತೈದು ವರ್ಷಕ್ಕೂ ಮೇಲೆ ವೈದ್ಯರಾಗಿದ್ದು ನಿವೃತ್ತರಾದವರು. ಒಬ್ಬರ ಶಾಲೆಯ ಫೀಸು ಕಟ್ಟಿದ್ದು ತಂಬಾಕು, ಇನ್ನೊಬ್ಬರ ವಾರ್ಡು ತುಂಬಿಸಿದ್ದೂ ತಂಬಾಕು. ಮದುವೆಯಾದ ಹೊಸದರಲ್ಲಿ ಈ ಮಾತು ಬಂದರೆ ಇಬ್ಬರೂ ಬೇರೆ ಏನನ್ನಾದರೂ ಮಾತಾಡುತ್ತಿದ್ದೆವು.

ನಾವು ಇಂಗ್ಲೆಂಡಿಗೆ ಬಂದದ್ದು 1989ರಲ್ಲಿ. 1993ರಲ್ಲಿ ಲ್ಯಾಂಕಾಸ್ಟರಿನಲ್ಲಿ ಒಂದು ಮನೆ ಕೊಂಡೆವು. ಪಕ್ಕದ ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬ ಹಿರಿಯರು ಒಂಟಿಯಾಗಿದ್ದರು. ನಮ್ಮ ಮಕ್ಕಳು ಅವರಿಗೆ ಪೈಪ್ ತಾತ ಎಂದು ಹೆಸರಿಟ್ಟರು. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವರಿಗೂ ಅದು ಒಗ್ಗಿಹೋಗಿತ್ತು. ಬಂದ ಮೊದಲ ಬೇಸಿಗೆಯಲ್ಲಿ ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ತಾತ ತಮ್ಮ ಡಬ್ಬಿಯ ಮುಚ್ಚಳ ತೆಗೆದು ಬೇಲಿಯ ಕಂಬದ ಮೇಲೆ ಇಟ್ಟಿದ್ದರು. ಗಾಳಿ ನಮ್ಮ ಕಡೆಗಿತ್ತು. ಪಿರಿಯಾಪಟ್ಟಣದವರ ಕೈಯಲ್ಲಿದ್ದ ಒದ್ದೆ ಟವೆಲು ಹಾಗೆಯೇ ಉಳಿಯಿತು. ಅದು ಸುಟ್ಟ ತಂಬಾಕಿನ ವಾಸನೆಯಲ್ಲ, ಬ್ಯಾರನ್ ಬಾಗಿಲು ತೆರೆದಾಗಿನ ವಾಸನೆ.

ಡಬ್ಬಿಯ ಮೇಲೆ ಫುಲ್ ವರ್ಜೀನಿಯಾ ಫ್ಲೇಕ್ ಎಂದು ಬರೆದಿತ್ತು. 50 ಗ್ರಾಮಿನ ಚಪ್ಪಟೆ ತಗಡಿನ ಡಬ್ಬಿ. ಮಾಡಿದ್ದು ಕೆಂಡಲ್ ಊರಿನಲ್ಲಿ, ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ದೂರ. ಲೇಕ್ ಡಿಸ್ಟ್ರಿಕ್ಟಿಗೆ ಪ್ರವಾಸ ಹೋಗುವಾಗ ನಾವೆಲ್ಲ ಕೆಂಡಲ್ಲಿನಲ್ಲಿ ಮಕ್ಕಳಿಗೆ ಮಿಂಟ್ ಕೇಕ್ ಕೊಡಿಸುತ್ತೇವಲ್ಲ, ಅದೇ ಊರು. ಆ ಊರಿನಲ್ಲಿ 1792ರಿಂದ ನಶ್ಯ ಮತ್ತು ತಂಬಾಕಿನ ಕಸುಬು ನಡೆದುಬಂದಿದೆ. ಸ್ಯಾಮ್ಯುಯಲ್ ಗಾವಿತ್ ಎಂಬ ಈ ಹಳೆಯ ಕಾರ್ಖಾನೆ 2015ರಲ್ಲಿ ಅದೇ ಊರಿನ, ಅದೇ ಮೂಲದ ಇನ್ನೊಂದು ಗಾವಿತ್ ಕಂಪನಿಯ ಜೊತೆ ಸೇರಿಹೋಯಿತು. ದಾಯಾದಿಗಳು ಮತ್ತೆ ಒಂದಾದರು ಎನ್ನಿ.

ಪೈಪ್ ತಂಬಾಕಿನಲ್ಲಿಯೂ ನಮ್ಮ ಕಾಫಿಪುಡಿಯಂತೆ ಮಿಶ್ರಣದ ಲೆಕ್ಕವಿದೆ. ಪೀಬರಿ ಎಷ್ಟು, ಪ್ಲಾಂಟೇಷನ್ ಎಷ್ಟು, ಚಿಕೋರಿ ಎಷ್ಟು ಎಂದು ಮೈಸೂರಿನ ಅಂಗಡಿಯಲ್ಲಿ ಕೇಳಿ ಬೆರೆಸಿಕೊಂಡು ಬರುವ ಹಾಗೆಯೇ. ಸಿರಿಯಾದ ಬಂದರೊಂದರ ಹೆಸರು ಹೊತ್ತ ಲಟಾಕಿಯಾ ಎಂಬ ಎಲೆಯಿದೆ. ಅದನ್ನು ಸೌದೆಯ ಹೊಗೆಯಲ್ಲಿ ತೂಗುಹಾಕಿ ಕಪ್ಪಾಗಿಸುತ್ತಾರೆ. ಮೂಸಿದರೆ ಹಳ್ಳಿಮನೆಯ ಅಡಿಗೆಮನೆ ಅಟ್ಟ ಹತ್ತಿದ ಹಾಗಾಗುತ್ತದೆ. ಅಮೆರಿಕದ ಲೂಸಿಯಾನಾದ ಪೆರೀಕ್ ಪೀಪಾಯಿಯಲ್ಲಿ ಒತ್ತಿ ಹುಳಿ ಬರಿಸಿದ್ದು, ಕಾಳುಮೆಣಸಿನ ಚುರುಕು. ಬರ್ಲಿಯನ್ನು ನೆರಳಿನಲ್ಲಿ ಬರಿಯ ಗಾಳಿಗೆ ಒಣಗಿಸುತ್ತಾರೆ, ಅದರಲ್ಲಿ ಸಕ್ಕರೆಯ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಹುರಿದ ಕಡಲೆಕಾಯಿಯಂಥ ವಾಸನೆ. ಚೆರ್ರಿ, ವೆನಿಲಾ ಬೆರೆಸಿದವೂ ಸಿಗುತ್ತವೆ. ಅವುಗಳ ಘಮ ಪಕ್ಕದಲ್ಲಿ ಕೂತವರಿಗೆ ಚೆಂದ, ಸೇದುವವನ ಬಾಯಿಗೆ ಸಪ್ಪೆ ಎನ್ನುತ್ತಿದ್ದರು ತಾತ. ಬಾದಾಮಿ ಇಲ್ಲದೆ ಬರಿಯ ಎಸೆನ್ಸ್ ಹಾಕಿದ ಬಾದಾಮಿ ಹಾಲು ಕುಡಿದವರಿಗೆ ಇದು ಅರ್ಥವಾಗುತ್ತದೆ. ತಾತನ ಡಬ್ಬಿಯಲ್ಲಿ ಈ ಯಾವುದೂ ಇರಲಿಲ್ಲ. ಅದು ಪೂರ್ತಿ ವರ್ಜೀನಿಯಾ, ಅಂದರೆ ನಮ್ಮ ಹುಣಸೂರು ಸೀಮೆಯಲ್ಲಿ ಬೆಳೆಯುವ ಜಾತಿ. ಹೆಸರು ಮಾತ್ರ ಅಮೆರಿಕದ್ದು. ಬೆಳೆ ಬ್ರೆಜಿಲ್, ಜಿಂಬಾಬ್ವೆ, ಆಂಧ್ರ, ಮೈಸೂರು ಎಲ್ಲ ಕಡೆಯದು.

ತಾತ ಅದನ್ನು ಸೇದುವ ಕ್ರಮವನ್ನು ನಾವು ಹತ್ತು ವರ್ಷ ನೋಡಿದ್ದೇವೆ. ಡಬ್ಬಿಯೊಳಗೆ ಪದರಪದರವಾಗಿ ಜೋಡಿಸಿದ ಉದ್ದನೆಯ ಪಟ್ಟಿಗಳು. ಎಲೆಗಳನ್ನು ಬಿಸಿ ಕೊಟ್ಟು, ಭಾರದಡಿ ಒತ್ತಿ, ಇಟ್ಟಿಗೆಯಂತೆ ಗಟ್ಟಿ ಮಾಡಿ, ಆಮೇಲೆ ತೆಳುವಾಗಿ ಕೊಯ್ದದ್ದು. ಬಣ್ಣ ಹುಣಸೆಹಣ್ಣಿನದು, ಹೊಸ ಹುಣಸೆಯಲ್ಲ, ಉಪ್ಪು ಹಾಕಿ ಒಂದು ವರ್ಷ ಭರಣಿಯಲ್ಲಿಟ್ಟ ಹಳೆ ಹುಣಸೆ. ಮುಟ್ಟಿದರೆ ಒದ್ದೆ. ಡಬ್ಬಿಯಿಂದ ತೆಗೆದವರೇ ಪೈಪಿಗೆ ತುಂಬಿದರೆ ಹತ್ತಿಕೊಳ್ಳುವುದಿಲ್ಲ, ಹತ್ತಿದರೂ ಗೊರಗೊರ ಎನ್ನುತ್ತದೆ. ಹಾಗಾಗಿ ತಾತ ತಿಂಡಿಗೆ ಮುಂಚೆಯೇ ಎರಡು ಪಟ್ಟಿ ತೆಗೆದು ಹಳೆಯ ಪೇಪರಿನ ಮೇಲೆ ಹರಡಿಡುತ್ತಿದ್ದರು, ನಮ್ಮಮ್ಮಂದಿರು ಸಂಡಿಗೆ ಹರಡಿದ ಹಾಗೆ. ಒಂದೆರಡು ಗಂಟೆಯಾದ ಮೇಲೆ ಅಂಗೈಯಲ್ಲಿ ಉಜ್ಜಿ ಬಿಡಿಬಿಡಿ ಮಾಡಿ, ಬಟ್ಟಲಿನ ತಳಕ್ಕೆ ಸಡಿಲವಾಗಿ, ಮೇಲಕ್ಕೆ ಸ್ವಲ್ಪ ಬಿಗಿಯಾಗಿ ತುಂಬುವರು. ಮೊದಲ ಬೆಂಕಿಕಡ್ಡಿ ಮೇಲಿನ ಪದರವನ್ನು ಕರಕು ಮಾಡುವುದಕ್ಕೆ ಮಾತ್ರ. ಅದು ಉಬ್ಬಿ ಏಳುತ್ತದೆ, ಮೆಲ್ಲಗೆ ಒತ್ತಿ, ಎರಡನೆಯ ಕಡ್ಡಿ ಗೀರಬೇಕು. ಆಮೇಲೆ ಒಂದು ಗಂಟೆಯ ಕಾಲ ಅದು ಆರಿಯೂ ಆರದ ಹಾಗೆ, ಬಿಸಿ ಕಾಫಿ ಗುಟುಕರಿಸುವಂತೆ ಸೇದಬೇಕು. ಹೊಗೆಯನ್ನು ಎದೆಗೆ ಎಳೆಯುವ ಹಾಗಿಲ್ಲ, ಬಾಯಲ್ಲಿ ಆಡಿಸಿ ಬಿಡುವುದು.

ನಮ್ಮಲ್ಲಿ ವೈದ್ಯರಾದವರು ಒಂದೇ ಒಂದು ಸಲ, 1995ರ ಕ್ರಿಸ್‌ಮಸ್ ದಿನ, ತಾತನ ಬಲವಂತಕ್ಕೆ ಇದನ್ನು ಪರೀಕ್ಷಿಸಿದರು. ಆಪರೇಷನ್ ಬೇಗ ಮುಗಿಸುವವರ ಹಾಗೆ ಜೋರಾಗಿ ಎಳೆದದ್ದೇ ತಪ್ಪಾಯಿತು. ಸಕ್ಕರೆ ಹೆಚ್ಚಿರುವ ಎಲೆ, ಅದರಲ್ಲಿ ನೀರಿನ ಪಸೆ, ಮೇಲೆ ಜೋರು ಉರಿ. ಬಾಯಿಗೆ ಬರುವುದು ಕುದಿವ ಹಬೆ. ತಂಬಾಕು ನಾಲಿಗೆ ಕಚ್ಚಿತು ಎನ್ನುತ್ತಾರೆ ಇಲ್ಲಿಯವರು. ಎರಡು ದಿನ ಸಾರಿಗೆ ಖಾರ ಹಾಕದೆ ಉಣ್ಣಬೇಕಾಯಿತು.

ತಾತ ಹೇಳಿದ್ದನ್ನೂ ನಮ್ಮ ಮೂಗಿಗೆ ತಿಳಿದದ್ದನ್ನೂ ಸೇರಿಸಿ ಅದರ ರುಚಿಯನ್ನು ಹೇಳಬೇಕೆಂದರೆ ಹೀಗೆ. ಮೊದಲಿಗೆ ಬಿಸಿಲು ಕಾದ ಹುಲ್ಲಿನ ಬಣವೆ, ಜೊತೆಗೆ ಎಲ್ಲೋ ಒಂದು ಚೂರು ನಿಂಬೆ ಸಿಪ್ಪೆ. ಅರ್ಧಕ್ಕೆ ಬರುವಾಗ ಸಿಹಿ ಏರುತ್ತದೆ: ಒಣದ್ರಾಕ್ಷಿ, ಬೇಯಿಸಿದ ಹಣ್ಣು, ಬ್ರೆಡ್ಡಿನ ಕಂದು ಅಂಚು. ಕೊನೆಯ ಭಾಗ ಆಲೆಮನೆಯ ಕೊಪ್ಪರಿಗೆಯ ತಳ. ಸೀಯುವುದಕ್ಕೆ ಮೊದಲಿನ ಬೆಲ್ಲ, ಅದರ ಹಿಂದೆಯೇ ಮೆಣಸಿನ ಕಾರ. ನಿಧಾನವಾಗಿ ಸೇದಿದವರಿಗೆ ಮಾತ್ರ ಈ ಮೂರನೆಯದು ಸಿಗುತ್ತದೆ. ಅವಸರದವರಿಗೆ ಮೂರೂ ಒಂದೇ, ಬರಿಯ ಬಿಸಿ. ಡಬ್ಬಿಯನ್ನು ತೆರೆಯದೆ ನಾಲ್ಕೈದು ವರ್ಷ ಇಟ್ಟರೆ ಇನ್ನೂ ಸಿಹಿಯಾಗುತ್ತದೆಂದು ತಾತ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ, ಒಂದೊಂದರ ಮೇಲೂ ವರ್ಷ ಬರೆದು, ಸಾಲಾಗಿ ಜೋಡಿಸಿದ್ದರು. ನಮ್ಮ ಮನೆಯ ಉಪ್ಪಿನಕಾಯಿ ಜಾಡಿಗಳೂ ಅದೇ ಜಾಗದಲ್ಲಿದ್ದವು ಎನ್ನುವುದು ಬೇರೆ ಮಾತು.

1996ರ ಮಾರ್ಚಿನಲ್ಲಿ ಅಪ್ಪಾಜಿ ಬಂದರು. ಒಬ್ಬರಿಗೆ ತಂದೆ, ಇನ್ನೊಬ್ಬರಿಗೆ ಮಾವ, ಇಬ್ಬರೂ ಅಪ್ಪಾಜಿ ಎಂದೇ ಕರೆಯುತ್ತಿದ್ದೆವು. ಆ ವರ್ಷದ ಬೇಲುಗಳನ್ನೆಲ್ಲ ಹರಾಜಿಗೆ ಹಾಕಿ ಬಂದಿದ್ದರು, ಸಸಿ ನೆಡುವ ಹೊತ್ತಿಗೆ ಊರು ಸೇರಬೇಕೆಂದು ಏಪ್ರಿಲ್ ಕೊನೆಗೇ ಟಿಕೆಟ್ ಮಾಡಿಸಿಕೊಂಡಿದ್ದರು. ಮಂಕಿ ಟೋಪಿ, ಎರಡು ಸ್ವೆಟರ್ ಹಾಕಿಕೊಂಡು ತಾತನ ಬೆಂಚಿನ ಮೇಲೆ ಕೂರುವರು. ಇವರಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡವೆಂದರೆ ನಮ್ಮ ಮಕ್ಕಳು ಕಲಿಸಿದ "ಬನ್ನಿ", "ಸಾಕು" ಎರಡೇ. ಒಂದು ದಿನ ತಾತ ಡಬ್ಬಿ ತೆರೆದು ಮುಂದೆ ಹಿಡಿದರು. ಅಪ್ಪಾಜಿ ಒಂದು ಪಟ್ಟಿ ತೆಗೆದು ಬೆಳಕಿಗೆ ಹಿಡಿದು ನೋಡಿ, ಅಂಚು ಬಿಡಿಸಿ, ಮೂಸಿ, ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮಗಳನ್ನು ಕೂಗಿ, "ಇದು ನಮ್ ಜಾತಿ ಸೊಪ್ಪೇ ಕಣವ್ವಾ. ಹಳದಿ ಆಗೋಗಂಟ ಉರಿ ಏರ್ಸಿಲ್ಲ. ತಾಳ್ಮೆಯಿಂದ ಮಾಡವ್ರೆ" ಎಂದರು.

ಹಳದಿ ಆಗುವುದು ಎಂದರೇನು ಎಂದು ತಾತ ಕೇಳಿದರು. ನಾವು ದುಭಾಷಿಗಳಾಗಿ ಕೂತು ಇಂಗ್ಲಿಷಿಗೆ ತಿರುಗಿಸಿದ್ದನ್ನು ಇಲ್ಲಿ ಮತ್ತೆ ಕನ್ನಡದಲ್ಲಿ ಬರೆಯುತ್ತಿದ್ದೇವೆ. ಹೊಲದಲ್ಲಿ ಸೊಪ್ಪು ಕೆಳಗಿನಿಂದ ಮೇಲಕ್ಕೆ ಮಾಗುತ್ತದೆ, ಹಾಗಾಗಿ ಒಂದು ಗಿಡದಿಂದ ವಾರ ವಾರ ಎರಡು ಮೂರು ಎಲೆ ಮುರಿಯುತ್ತಾರೆ. ಅದನ್ನು ಕೋಲುಗಳಿಗೆ ಪೋಣಿಸಿ ಬ್ಯಾರನ್ ಒಳಗೆ ಸಾಲು ಸಾಲಾಗಿ, ಮಾಡಿನ ತನಕ ಏರಿಸುತ್ತಾರೆ. ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಕೋಣೆ. ಹೊರಗೆ ಒಲೆ, ಒಳಗೆ ನೆಲದ ಮೇಲೆ ಹಾಯ್ದುಹೋಗುವ ತಗಡಿನ ಕೊಳವೆ. ಬೆಂಕಿಯ ಹೊಗೆ ಸೊಪ್ಪಿಗೆ ತಾಗಬಾರದು, ಕೊಳವೆಯ ಕಾವು ಮಾತ್ರ ತಾಗಬೇಕು. ಮೊದಲ ಎರಡು ದಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ 95ರಿಂದ 100 ಡಿಗ್ರಿ. ಆಗ ಎಲೆ ಇನ್ನೂ ಸತ್ತಿರುವುದಿಲ್ಲ, ಬಾಳೆಗೊನೆಯನ್ನು ಹಣ್ಣಿಗೆ ಹಾಕಿದಾಗ ಆಗುವಂತೆ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಹಸಿರು ಹೋಗಿ ಹಳದಿ ಬರುತ್ತದೆ. ಆಮೇಲೆ ಮೆಲ್ಲಗೆ 120, 140ರವರೆಗೆ ಏರಿಸಿ ಎಲೆ ಒಣಗಿಸಿ, ಕೊನೆಗೆ 160ಕ್ಕೆ ಒಯ್ದು ನಡುದಂಟು ಒಣಗಿಸಬೇಕು. ಒಟ್ಟು ಐದಾರು ದಿನ, ಹಗಲೂ ರಾತ್ರಿ. ಬೇಗ ಏರಿಸಿದರೆ ಹಸಿರು ಹಾಗೇ ನಿಂತುಬಿಡುತ್ತದೆ. ಸಕ್ಕರೆಯೂ ಹುಟ್ಟುವುದಿಲ್ಲ, ಹರಾಜಿನಲ್ಲಿ ರೇಟೂ ಹುಟ್ಟುವುದಿಲ್ಲ. ತಡಮಾಡಿದರೆ ಕಪ್ಪಾಗುತ್ತದೆ. ತಾತನ ಬಾಯಿಯ ಆ ಒಣದ್ರಾಕ್ಷಿ, ಆ ಬೆಲ್ಲ, ಎಲ್ಲಕ್ಕೂ ಬೇರು ಈ ಎರಡು ದಿನಗಳಲ್ಲಿದೆ. ಕಾರ್ಖಾನೆಯವರು ಒತ್ತಿ, ಕಾಯಿಸಿ, ಹಳೆಯದಾಗಿಸಿ ಅದನ್ನು ಹಿಗ್ಗಿಸುತ್ತಾರೆ ಅಷ್ಟೆ.

ಅಪ್ಪಾಜಿ ಆ ಎರಡು ರಾತ್ರಿ ಮಲಗುತ್ತಿರಲಿಲ್ಲ. ಬ್ಯಾರನ್ ಮುಂದೆ ಗೋಣಿಚೀಲ ಹಾಸಿಕೊಂಡು, ಗಂಟೆಗೊಮ್ಮೆ ಎದ್ದು ಬಾಗಿಲ ಸಂದಿಯಲ್ಲಿ ಟಾರ್ಚು ಬಿಟ್ಟು ಥರ್ಮಾಮೀಟರ್ ನೋಡುವರು. ಮಗಳು ಚಿಕ್ಕವಳಿದ್ದಾಗ ಜೊತೆಗೆ ಕೂರುತ್ತಿದ್ದಳು. ಮೊದಲ ದಿನ ಹಸಿ ಸೊಪ್ಪಿನ ಕಮಟು, ಮೂರನೆಯ ದಿನ ಹಣ್ಣಿನಂಗಡಿ, ಕೊನೆಯ ದಿನ ಹುಲ್ಲು. ಥರ್ಮಾಮೀಟರ್ ನೋಡದೆಯೇ ಎಷ್ಟನೆಯ ದಿನವೆಂದು ಮನೆಯವರೆಲ್ಲ ಹೇಳಬಲ್ಲವರಾಗಿದ್ದರು. 1978ರ ಆಗಸ್ಟಿನಲ್ಲಿ ಒಂದು ರಾತ್ರಿ ಒಂದು ಕೋಲು ಜಾರಿ ಕೊಳವೆಯ ಮೇಲೆ ಬಿತ್ತು. ಒಣಗಿದ ಸೊಪ್ಪು, ಹೇಳಬೇಕೆ? ಹಳ್ಳಿಯವರೆಲ್ಲ ಕೊಡ ಹಿಡಿದು ಬರುವಷ್ಟರಲ್ಲಿ ಮಾಡು ಕುಸಿದಿತ್ತು. ಆ ವರ್ಷ ಎತ್ತಿನ ಜೋಡಿ ಮಾರಿ ಹೊಸ ಮಾಡು ಹಾಕಿಸಿದರು, ಮಗಳನ್ನು ಮಾತ್ರ ಶಾಲೆ ಬಿಡಿಸಲಿಲ್ಲ. ಇದನ್ನೂ ತಾತನಿಗೆ ಹೇಳಿದೆವು. ತಾತ ಪೈಪನ್ನು ಬಾಯಿಂದ ತೆಗೆದು ಕೈಯಲ್ಲೇ ಹಿಡಿದುಕೊಂಡು ಕೇಳಿದರು, ಅದು ಆರಿಹೋಯಿತು.

ತಮಾಷೆಯೆಂದರೆ ಅಪ್ಪಾಜಿ ತಮ್ಮ ಬೆಳೆಯನ್ನು ಒಂದು ದಿನವೂ ಬಾಯಿಗಿಟ್ಟವರಲ್ಲ. ಎಲೆಅಡಿಕೆಯ ಜೊತೆ ಚಿಟಿಕೆ ಕಡ್ಡಿಪುಡಿ ಹಾಕುತ್ತಿದ್ದರು, ಅದು ಬೇರೆ ಸೊಪ್ಪು. ತಾವು ಬೆಳೆದದ್ದು ಏನಾಗುತ್ತದೆ ಎಂದು ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. 1984ರಲ್ಲಿ ತಂಬಾಕು ಮಂಡಳಿಯ ಹರಾಜು ಬಂದ ಮೇಲೆ ತೂಕದಲ್ಲಿ, ದುಡ್ಡಿನಲ್ಲಿ ಎಷ್ಟೋ ನೆಮ್ಮದಿಯಾಯಿತು ಎನ್ನುತ್ತಿದ್ದರು. ಆದರೆ ಬೇಲು ಲಾರಿ ಹತ್ತಿದ ಮೇಲಿನ ಕಥೆ ಅವರಿಗೆ ಬೇಡವಾಗಿತ್ತು. ಈಗ ಮೊದಲ ಸಲ ಕೇಳಿದರು: "ಅಳಿಯಂದ್ರೇ, ನಮ್ ಸೊಪ್ಪೂ ಹಿಂಗೇ ಡಬ್ಬಿಗೆ ಬತ್ತದಾ?"

ನಾವು ಆಗಲೇ ಲೈಬ್ರರಿಯಲ್ಲಿ ಓದಿಕೊಂಡಿದ್ದೆವು. ಮೈಸೂರಿನ ಎಲೆಗೆ ವ್ಯಾಪಾರದಲ್ಲಿ ಒಳ್ಳೆಯ ಬೇಡಿಕೆಯಿದೆ, ಯೂರೋಪಿಗೂ ಬರುತ್ತದೆ. ಬಣ್ಣ ಚೆನ್ನ, ಸ್ವಭಾವ ಮೃದು. ಆದರೆ ವಾಸನೆಯ ಎಲೆ ಎಂದು ಅದನ್ನು ಕೊಳ್ಳುವುದಿಲ್ಲ. ಯಾವ ರುಚಿಗೂ ಅಡ್ಡಬಾರದ ಭರ್ತಿಯ ಎಲೆ ಎಂದು ಕೊಂಡು, ಜೋರು ವಾಸನೆಯ ಬೇರೆ ಎಲೆಗಳ ಜೊತೆ ಸಿಗರೇಟಿಗೆ ಬೆರೆಸುತ್ತಾರೆ. ಇಡ್ಲಿಗೆ ಅಕ್ಕಿಯಿದ್ದ ಹಾಗೆ ಎಂದು ನಾವು ಸಮಾಧಾನ ಮಾಡಿಕೊಂಡೆವು. ಅಪ್ಪಾಜಿಗೆ ಮಾತ್ರ "ಬರಬಹುದು" ಎಂದಷ್ಟೇ ಹೇಳಿದೆವು. ಅವರು ತಲೆಯಾಡಿಸಿ ಆ ಪಟ್ಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಸಿಗರೇಟು ಎಂದು ಹೇಳಲು ವೈದ್ಯರಾದವರಿಗೆ ಬಾಯಿ ಬರಲಿಲ್ಲ, ಭರ್ತಿ ಎಂದು ಹೇಳಲು ಮಗಳಿಗೆ ಬಾಯಿ ಬರಲಿಲ್ಲ.

ವಾರ್ಡಿನ ಮಾತನ್ನು ಮರೆಸುವ ಹಾಗಿಲ್ಲ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ತೋರಿಸಿದ್ದು ಈ ದೇಶದಲ್ಲಿಯೇ, 1950ರಲ್ಲಿ. ಮರುವರ್ಷ ಅವರು ಬ್ರಿಟನ್ನಿನ ವೈದ್ಯರನ್ನೇ ಹಿಡಿದು ಆರಂಭಿಸಿದ ಅಧ್ಯಯನದ ಐವತ್ತು ವರ್ಷದ ಫಲ 2004ರಲ್ಲಿ ಬಂತು: ಸಿಗರೇಟು ಬಿಡದವರು ಸರಾಸರಿ ಹತ್ತು ವರ್ಷ ಮೊದಲು ಸಾಯುತ್ತಾರೆ. ಪೈಪಿನವರು ಎದೆಗೆ ಎಳೆಯದಿರುವುದರಿಂದ ಶ್ವಾಸಕೋಶಕ್ಕೆ ಸಿಗರೇಟಿನಷ್ಟು ಅಪಾಯವಿಲ್ಲ, ಆದರೆ ತುಟಿ, ನಾಲಿಗೆ, ಗಂಟಲಿನ ಕ್ಯಾನ್ಸರು ಅವರನ್ನು ಬಿಡುವುದಿಲ್ಲ. ಇದನ್ನು ಬೇಲಿಯಾಚೆ ನಿಂತು ತಾತನಿಗೆ ಹೇಳಿದ್ದಾಗಿದೆ. "ಡಾಕ್ಟರ್, ನಿಮ್ಮ ಪಾಳಿ ಮುಗಿದಿಲ್ಲವೇ?" ಎಂದು ನಕ್ಕುಬಿಡುತ್ತಿದ್ದರು.

ತಾತ 2003ರ ಚಳಿಗಾಲದಲ್ಲಿ ತೀರಿಕೊಂಡರು, 81 ವರ್ಷ. ಪಬ್ಬಿನೊಳಗೆ ಹೊಗೆ ಸೇದಬಾರದೆಂದು ಇಂಗ್ಲೆಂಡಿನಲ್ಲಿ ಕಾನೂನು ಬಂದದ್ದು 2007ರ ಜುಲೈಯಲ್ಲಿ, ಅದನ್ನು ಅವರು ನೋಡಲಿಲ್ಲ. ಅವರ ಮಗಳು ಮನೆ ಖಾಲಿ ಮಾಡುವಾಗ, "ನಿಮ್ಮ ತಂದೆಗೆ" ಎಂದು 1996 ಎಂದು ಬರೆದಿದ್ದ ಒಂದು ಡಬ್ಬಿ ತಂದುಕೊಟ್ಟರು.

ಅದನ್ನು 2004ರ ಡಿಸೆಂಬರಿನಲ್ಲಿ ಊರಿಗೆ ಒಯ್ದೆವು. ಹರಾಜಿನ ಕಾಲ, ಮನೆಯ ಜಗುಲಿಯಲ್ಲಿ ಸದಾ ನಾಲ್ಕು ಜನ. ಅಪ್ಪಾಜಿ ಎಲ್ಲರ ಎದುರಿಗೆ ನಾಣ್ಯದ ಅಂಚಿನಿಂದ ಮುಚ್ಚಳ ಎಬ್ಬಿಸಿದರು. ಎಂಟು ವರ್ಷದ ಘಮ ಜಗುಲಿ ತುಂಬಿತು. ತಲೆಗೊಂದು ಪಟ್ಟಿ ಹಂಚಿಕೆಯಾಯಿತು. ಗ್ರೇಡಿನ ಬಗ್ಗೆ ಜಗಳವೇ ನಡೆಯಿತೆನ್ನಿ. ಒಬ್ಬರು ನಡುಗಿಡದ ಎಲೆ ಎಂದರು, ಇನ್ನೊಬ್ಬರು ಇಲ್ಲ, ತುದಿಯದು ಎಂದರು, ಮೂರನೆಯವರು ಇದಕ್ಕೆ ಬೆಲ್ಲದ ನೀರು ಚಿಮುಕಿಸವ್ರೆ ಎಂದರು. ಬೀಡಿ ಸೇದುವ ಒಬ್ಬ ಮಹಾರಾಯರು ತಮ್ಮ ಬೀಡಿ ಬಿಚ್ಚಿ, ಅದೇ ಎಲೆಗೆ ಇದನ್ನು ಸುತ್ತಿ, ಹಚ್ಚಿ, ಎದೆ ತುಂಬ ಎಳೆದರು. ಆ ಕೆಮ್ಮು ನಿಲ್ಲಿಸಲು ಎರಡು ಚೊಂಬು ನೀರು ಬೇಕಾಯಿತು. ಅಪ್ಪಾಜಿ ಅಷ್ಟು ನಕ್ಕದ್ದನ್ನು ನಾವು ಮತ್ತೆ ನೋಡಲಿಲ್ಲ. 2009ರಲ್ಲಿ ಹೋಗಿಬಿಟ್ಟರು.

ಅವ್ವನಿಗೂ ಮೂಸಿ ನೋಡೆಂದು ಡಬ್ಬಿ ಒಯ್ದರೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮಳೆಯಲ್ಲಿ ಒದ್ದೆ ಸೊಪ್ಪು ಮುರಿದು, ಕಂಕುಳಲ್ಲಿ ಹೊತ್ತು ತರುವುದು ಹೆಂಗಸರ ಕೆಲಸ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ. ತಲೆಸುತ್ತು, ವಾಂತಿ, ರಾತ್ರಿಯೆಲ್ಲ ಹೊಟ್ಟೆ ತೊಳಸು. ಮಗಳಿಗೆ ನೆನಪಿರುವ ಪ್ರತಿ ಆಷಾಢದಲ್ಲಿ ಅವ್ವ ಒಂದೆರಡು ದಿನ ಊಟ ಬಿಟ್ಟು ಮೂಲೆಯಲ್ಲಿ ಮಲಗಿದ್ದುಂಟು. ಕಣ್ಣು ತಾಗಿದೆ ಎಂದು ನಿವಾಳಿಸುತ್ತಿದ್ದರು. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ ಎಂದು ಅಳಿಯ ಹೇಳಿದಾಗ ಅವ್ವ, "ಹೆಸ್ರು ಇಟ್ಕಂಡು ಏನ್ ಮಾಡಾನ ಬುಡಿ" ಎಂದರು. "ನಿಮ್ ತಾತಂಗೆ ಘಮ ಅಂತೆ. ನಂಗೆ ಅದು ವಾಂತಿ ವಾಸ್ನೆ."

ಈಗ ಹೊಲ ತಮ್ಮನ ಕೈಯಲ್ಲಿದೆ. ಅರ್ಧಕ್ಕೆ ಶುಂಠಿ ಹಾಕುತ್ತಾನೆ, ಇನ್ನರ್ಧಕ್ಕೆ ಸೊಪ್ಪು. ಬ್ಯಾರನ್ ಲೈಸೆನ್ಸ್ ಬಿಟ್ಟುಬಿಡಲೇ ಎಂದು ಒಂದು ವರ್ಷ ಫೋನಿನಲ್ಲಿ ಕೇಳಿದ್ದ. ನಮ್ಮಿಬ್ಬರಲ್ಲಿ ಯಾರೂ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅವನು ಸ್ವಲ್ಪ ಹೊತ್ತು ಕಾದು, ಮಳೆಯ ವಿಷಯ ತೆಗೆದ.

ಖಾಲಿ ಡಬ್ಬಿಯನ್ನು ಅವ್ವ ಎಸೆಯಲಿಲ್ಲ. ಬೂದಿ ಹಾಕಿ ಮೂರು ಸಲ ತಿಕ್ಕಿ, ಬಿಸಿಲಿಗಿಟ್ಟು, ಸೂಜಿ ದಾರ ಹಾಕಿಕೊಂಡರು. ಹೋದ ಸಲ ಊರಿಗೆ ಹೋದಾಗ ಒಂದು ಗುಂಡಿ ಹೊಲಿಯಬೇಕಾಗಿ ಅದನ್ನು ತೆರೆದೆವು. ವಾಸನೆ ಇನ್ನೂ ಹೋಗಿರಲಿಲ್ಲ.